ವಿಕಿರಣವೂ ಮಾಂಸಾರ್ಬುದವೂ

ಬೆಂಕಿಯನ್ನು ಮುಟ್ಟಿದ ಮಗು ಒಂದೇ ಸಲಕ್ಕೆ ಪಾಠ ಕಲಿಯುತ್ತದೆ. ಮುಟ್ಟಿದ ಕೂಡಲೆ ಬೆರಳು ಸುಡುವುದರಿಂದ, ಸುಟ್ಟುದಕ್ಕೆ ಕಾರಣವೇನೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಇಂದು ಮುಟ್ಟಿದ ಬೆಂಕಿ ಇಪ್ಪತ್ತೈದು ವರ್ಷಗಳ ಮೇಲೆ ಸುಡುವುದೆಂದು ಇಟ್ಟುಕೊಳ್ಳೋಣ. ಅಷ್ಟು ಹೊತ್ತಿಗೆ ಆ ಮಗು ಬೆಳೆದು, ಊರು ಬಿಟ್ಟು, ಸಂಸಾರ ಹೂಡಿ, ತನ್ನ ಮಕ್ಕಳ ಮದುವೆಯ ಯೋಚನೆಯಲ್ಲಿರುತ್ತದೆ. ಬೆರಳು ಉರಿದಾಗ, ನಿನ್ನೆ ಏನು ತಿಂದೆ, ಮೊನ್ನೆ ಎಲ್ಲಿಗೆ ಹೋಗಿದ್ದೆ ಎಂದು ಯೋಚಿಸಬಹುದೇ ಹೊರತು ಎಂದೋ ಮುಟ್ಟಿದ ಬೆಂಕಿಯ ನೆನಪು ಬರಲಾರದು. ನೋಡಿದ ವೈದ್ಯರಿಗೂ ಅದು ಹೊಳೆಯಲಾರದು.

ಹೀಗೆ ತಡವಾಗಿ ಸುಡುವ ಬೆಂಕಿಯೊಂದು ನಿಜವಾಗಿಯೂ ಉಂಟು. ವಿಕಿರಣವೆಂದು ಅದರ ಹೆಸರು. ಅದು ಬಹು ಅಪರೂಪಕ್ಕೆ ಉಂಟುಮಾಡುವ ಒಂದು ಜಾತಿಯ ಕ್ಯಾನ್ಸರಿನ ವಿಷಯವನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ಅಪರೂಪದ ರೋಗದ ಮಾತು ನಮಗೇಕೆ ಎಂದು ಶ್ರೋತೃಗಳು ಕೇಳಬಹುದು. ವಿಕಿರಣ ಚಿಕಿತ್ಸೆ ಪಡೆದು, ನಮ್ಮ ಜನ ಹೇಳುವಂತೆ ‘ಕರೆಂಟು ಕೊಡಿಸಿಕೊಂಡು’, ಗುಣವಾಗಿ ಮನೆಗೆ ಬಂದವರು ಇಂದು ಊರೂರಿನಲ್ಲಿಯೂ ಇದ್ದಾರೆ. ಅಂಥವರೂ ಅವರ ಮನೆಯವರೂ ತಿಳಿದಿರಬೇಕಾದ ಒಂದು ಸಣ್ಣ ಸಂಗತಿ ಈ ಕಥೆಯೊಳಗಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಪೀಠಿಕೆ.

ಮೊದಲು ಹೆಸರುಗಳ ವಿಷಯ. ಕನ್ನಡ ಪಾಠ ಹೇಳುವವನಿಗೆ ಯಾವ ವಿಷಯವನ್ನು ಹಿಡಿದರೂ ಮೊದಲು ಶಬ್ದವೇ ಕಣ್ಣಿಗೆ ಬೀಳುವುದು ಸಹಜವಷ್ಟೆ. ಕ್ಯಾನ್ಸರ್ ಎಂಬುದು ಲ್ಯಾಟಿನ್ ಮಾತು; ಅದಕ್ಕೆ ಏಡಿ ಎಂದರ್ಥ. ಪಂಚಾಂಗದ ಕರ್ಕಾಟಕ ರಾಶಿಗೆ ಪಾಶ್ಚಾತ್ಯರು ಹೇಳುವ ಹೆಸರೂ ಅದೇ. ಗಡ್ಡೆಯ ಸುತ್ತ ಉಬ್ಬಿದ ನಾಳಗಳು ಏಡಿಯ ಕಾಲುಗಳಂತೆ ಹರಡಿರುವುದನ್ನು ಕಂಡು ಪ್ರಾಚೀನ ಗ್ರೀಕ್ ವೈದ್ಯರು ಆ ಹೋಲಿಕೆಯನ್ನು ಕೊಟ್ಟರೆಂದು ಹೇಳುತ್ತಾರೆ. ನಮ್ಮ ಸುಶ್ರುತಸಂಹಿತೆಯಲ್ಲಿ ಇಂಥ ಗಡ್ಡೆಗಳಿಗೆ ಅರ್ಬುದವೆಂಬ ಹೆಸರಿದೆ. ಅರ್ಬುದಗಳಲ್ಲಿ ಆರು ಬಗೆಗಳನ್ನು ಎಣಿಸಿ, ಅವುಗಳಲ್ಲೊಂದನ್ನು ಮಾಂಸಾರ್ಬುದವೆಂದು ಕರೆದಿದ್ದಾರೆ. ಅದರ ಲಕ್ಷಣವನ್ನು ಹೇಳುವಾಗ ನೋವಿಲ್ಲದುದು, ಮೈಬಣ್ಣಕ್ಕಿಂತ ಬೇರೆಯಾಗಿ ಕಾಣದುದು, ಕೀವುಗಟ್ಟದುದು, ಕಲ್ಲಿನಂತೆ ಗಟ್ಟಿಯಾದುದು, ಅಲುಗಾಡದುದು ಎಂಬ ವಿವರಗಳು ಬರುತ್ತವೆ.

ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಸಾರ್ಕೋಮಾ ಎಂಬ ಮಾತಿದೆ. ಗ್ರೀಕ್ ಭಾಷೆಯಲ್ಲಿ ‘ಸಾರ್ಕ್ಸ್’ ಎಂದರೆ ಮಾಂಸ. ‘ಓಮಾ’ ಎಂದರೆ ಗಡ್ಡೆ. ಬಿಡಿಸಿ ನೋಡಿದರೆ ಮಾಂಸಾರ್ಬುದವೇ ಆಯಿತು. ಸುಶ್ರುತನು ಕಂಡುದೂ ಇಂದಿನ ವೈದ್ಯರು ಸೂಕ್ಷ್ಮದರ್ಶಕದ ಕೆಳಗೆ ಕಾಣುವುದೂ ಒಂದೇ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ನೋವಿಲ್ಲದ ಗಟ್ಟಿ ಗಡ್ಡೆಯನ್ನು ಅಲಕ್ಷ್ಯ ಮಾಡಬಾರದೆಂಬ ಎಚ್ಚರ ಎರಡು ಶಾಸ್ತ್ರಗಳಲ್ಲಿಯೂ ಕಾಣುತ್ತದೆ.

ನಾವು ಹೆಚ್ಚಾಗಿ ಕೇಳುವ ಬಾಯಿಯ, ಸ್ತನದ, ಜಠರದ, ಗರ್ಭಕೋಶದ ಕ್ಯಾನ್ಸರುಗಳು ಬಹುಮಟ್ಟಿಗೆ ಆಯಾ ಅವಯವಗಳ ಒಳಪೊರೆಯಲ್ಲಿಯೋ ಗ್ರಂಥಿಗಳಲ್ಲಿಯೋ ಹುಟ್ಟುವಂಥವು. ಸಾರ್ಕೋಮಾ ಹುಟ್ಟುವುದು ದೇಹವನ್ನು ಹಿಡಿದು ನಿಲ್ಲಿಸಿರುವ ಭಾಗಗಳಲ್ಲಿ: ಮಾಂಸಖಂಡ, ಕೊಬ್ಬು, ರಕ್ತನಾಳ, ನರಗಳ ಹೊದಿಕೆ, ಮೂಳೆ. ಇವುಗಳಲ್ಲಿ ಮೂಳೆಯನ್ನು ಬಿಟ್ಟು ಉಳಿದುವನ್ನು ಮೃದು ಅಂಗಾಂಶಗಳೆನ್ನುತ್ತಾರೆ. ದೊಡ್ಡವರಲ್ಲಿ ಕಂಡುಬರುವ ನೂರು ಕ್ಯಾನ್ಸರುಗಳಲ್ಲಿ ಸಾರ್ಕೋಮಾ ಸುಮಾರು ಒಂದು. ಆ ಒಂದರೊಳಗೇ ಐವತ್ತಕ್ಕೂ ಮೇಲ್ಪಟ್ಟ ಬಗೆಗಳಿವೆ. ವಿಕಿರಣದಿಂದ ಹುಟ್ಟಿದುದೆಂದು ಹೇಳಬಹುದಾದುವು ಇವುಗಳಲ್ಲಿ ಮತ್ತೂ ಸಣ್ಣ ಪಾಲು. ಅಪರೂಪದಲ್ಲಿ ಅಪರೂಪವೆಂದರೆ ಇದೇ.

ವಿಕಿರಣವು ಮಾಡುವ ಕೆಡುಕು ಇಷ್ಟು ತಡವಾಗಿ ಏಕೆ ತೋರಿಬರುತ್ತದೆ? ಇದಕ್ಕೆ ತಾಳೆಗರಿಯ ಗ್ರಂಥಗಳ ದೃಷ್ಟಾಂತವನ್ನು ಕೊಡಬಹುದು. ಹಿಂದೆ ಲಿಪಿಕಾರರು ಒಂದು ಓಲೆಯನ್ನು ನೋಡಿ ಇನ್ನೊಂದನ್ನು ಬರೆಯುತ್ತಿದ್ದರು. ಮೂಲದ ಓಲೆಯಲ್ಲಿ ಒಂದು ಅಕ್ಷರವನ್ನು ಹುಳು ತಿಂದಿದ್ದರೆ, ಅದನ್ನು ನೋಡಿ ಬರೆದ ಪ್ರತಿಯಲ್ಲಿಯೂ ಆ ತಪ್ಪು ಇಳಿಯುತ್ತಿತ್ತು; ಆ ಪ್ರತಿಯ ಪ್ರತಿಯಲ್ಲಿಯೂ ಇಳಿಯುತ್ತಿತ್ತು. ಒಂದೆರಡು ಅಕ್ಷರ ಹೋದ ಮಾತ್ರಕ್ಕೆ ಪದ್ಯದ ಅರ್ಥ ಕೆಡುತ್ತಿರಲಿಲ್ಲ. ಪ್ರತಿಯಿಂದ ಪ್ರತಿಗೆ ತಪ್ಪುಗಳು ಕೂಡುತ್ತ ಹೋಗಿ, ಎಷ್ಟೋ ತಲೆಮಾರುಗಳ ಮೇಲೆ ಒಂದು ದಿನ ಅರ್ಥವೇ ತಲೆಕೆಳಗಾಗುತ್ತಿತ್ತು. ನಮ್ಮ ಜೀವಕೋಶಗಳೊಳಗೂ ಡಿ.ಎನ್.ಎ. ಎಂಬ ಇಂಥದೊಂದು ಓಲೆಯುಂಟು. ಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿ ಬರೆದಿದೆ. ಕೋಶ ಎರಡಾಗುವಾಗಲೆಲ್ಲ ಆ ಓಲೆಯ ಪ್ರತಿಯಾಗುತ್ತದೆ. ವಿಕಿರಣ ಹಾಯ್ದಾಗ ಆ ಓಲೆ ಹರಿಯುತ್ತದೆ. ಬಹುಪಾಲು ಹರುಕುಗಳನ್ನು ದೇಹ ತಾನೇ ಸರಿಪಡಿಸಿಕೊಳ್ಳುತ್ತದೆ. ತೀರ ಕೆಟ್ಟ ಕೋಶ ಸತ್ತುಹೋಗುತ್ತದೆ. ಎಲ್ಲೋ ಒಂದು ಕೋಶ ಸಾಯದೆ, ತಪ್ಪಾಗಿ ಬೆಸೆದ ಓಲೆಯನ್ನೇ ಇಟ್ಟುಕೊಂಡು ಉಳಿದರೆ, ಅದರ ಸಂತತಿಯಲ್ಲಿ ಮೇಲಿಂದ ಮೇಲೆ ತಪ್ಪುಗಳು ಸೇರಿ, ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಅನಂತರ ಅದು ಗಡ್ಡೆಯಾಗಬಹುದು.

ಈ ಸಂಗತಿಯನ್ನು ಜಗತ್ತಿಗೆ ಕಲಿಸಿದ ಒಂದು ಔಷಧದ ಕಥೆಯನ್ನು ಈಗ ಹೇಳುತ್ತೇನೆ.

1895ರಲ್ಲಿ ಜರ್ಮನಿಯಲ್ಲಿ ರಾಂಟ್‌ಜೆನ್ ಎಂಬ ವಿಜ್ಞಾನಿ ಕ್ಷಕಿರಣಗಳನ್ನು ಕಂಡುಹಿಡಿದ ಮೇಲೆ ವೈದ್ಯರಿಗೆ ದೇಹದೊಳಗೆ ನೋಡುವ ಕಣ್ಣು ಬಂದಿತು. ಆದರೆ ಆ ಕಣ್ಣಿಗೆ ಕಾಣುತ್ತಿದ್ದುದು ಮೂಳೆ. ಯಕೃತ್ತು, ಗುಲ್ಮ, ರಕ್ತನಾಳಗಳು ಕ್ಷಕಿರಣಗಳನ್ನು ಹೆಚ್ಚಾಗಿ ತಡೆಯದೆ ಬಿಟ್ಟುಬಿಡುವುದರಿಂದ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ಅವುಗಳೊಳಗೆ ಕಿರಣವನ್ನು ತಡೆದು ನೆರಳು ಬೀಳಿಸುವ ಯಾವುದಾದರೊಂದು ಭಾರವಾದ ದ್ರವ್ಯವನ್ನು ತುಂಬಬೇಕಾಗಿತ್ತು. ಅದಕ್ಕಾಗಿ ಹುಡುಕುತ್ತಿದ್ದವರ ಕಣ್ಣಿಗೆ ಬಿದ್ದುದು ಥೋರಿಯಂ.

ಥೋರಿಯಂ ನಮಗೆ ಪೂರ್ತಿ ಅಪರಿಚಿತವಾದ ವಸ್ತುವಲ್ಲ. ಮದುವೆಯ ಮೆರವಣಿಗೆಯಲ್ಲಿ ಆಳುಗಳು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ ಗ್ಯಾಸ್‌ಲೈಟುಗಳನ್ನು ಹಿರಿಯರು ನೆನಪಿಟ್ಟಿರಬಹುದು. ಆ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲು, ಸುಟ್ಟಮೇಲೆ ಬಿಳಿಯ ಬೂದಿಯಂತೆ ನಿಂತು ಕಣ್ಣು ಕೋರೈಸುವ ಬೆಳಕು ಕೊಡುತ್ತಿದ್ದ ಆ ಬಲೆ, ಹಿಂದೆಲ್ಲ ಬಹುಪಾಲು ಥೋರಿಯಂ ಆಕ್ಸೈಡೇ ಆಗಿತ್ತು. ವಿಯೆನ್ನಾದ ಔವರ್ ಎಂಬ ರಸಾಯನಶಾಸ್ತ್ರಜ್ಞ 19ನೆಯ ಶತಮಾನದ ಕೊನೆಯಲ್ಲಿ ಅದನ್ನು ರೂಪಿಸಿದನು. ಆ ಥೋರಿಯಂ ಮೋನಜೈಟ್ ಎಂಬ ಮರಳಿನಲ್ಲಿ ದೊರೆಯುತ್ತದೆ. 1909ರಲ್ಲಿ ತಿರುವಾಂಕೂರಿನ ಕರಾವಳಿಯಲ್ಲಿ ಮೋನಜೈಟ್ ಇರುವುದು ಗೊತ್ತಾದ ಮೇಲೆ, ಮ್ಯಾಂಟಲಿನ ಉದ್ಯಮಕ್ಕಾಗಿ ಅಲ್ಲಿಯ ಮರಳು ಯೂರೋಪಿಗೆ ಹಡಗಿನಲ್ಲಿ ಹೋಗತೊಡಗಿತು. ಥೋರಿಯಂ ವಿಕಿರಣವನ್ನು ಸೂಸುವ ವಸ್ತುವೆಂಬುದು 1898ರಷ್ಟು ಹಿಂದೆಯೇ ತಿಳಿದಿತ್ತು. ಅದನ್ನು ಕಂಡವರಲ್ಲಿ ಮೇರಿ ಕ್ಯೂರಿಯೂ ಒಬ್ಬರು.

ಥೋರಿಯಂ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಬಿಟ್ಟು ಸಿದ್ಧಪಡಿಸಿದ ಒಂದು ದ್ರವ ಜರ್ಮನಿಯಿಂದ ಹೊರಟು 1930ರ ಸುಮಾರಿನಲ್ಲಿ ಬಳಕೆಗೆ ಬಂದಿತು. ಅದರ ಹೆಸರು ಥೋರೊಟ್ರಾಸ್ಟ್. ರಕ್ತನಾಳಕ್ಕೆ ಅದನ್ನು ಚುಚ್ಚಿದರೆ ಚಿತ್ರ ಬಹಳ ಸ್ಪಷ್ಟವಾಗಿ ಬರುತ್ತಿತ್ತು. ಅಂದು ಬಳಕೆಯಲ್ಲಿದ್ದ ಬೇರೆ ದ್ರವ್ಯಗಳಿಂದ ನೋವು, ಉರಿ, ಒಮ್ಮೊಮ್ಮೆ ಪ್ರಾಣಾಪಾಯ ಕೂಡ ಆಗುತ್ತಿದ್ದುವು. ಇದರಿಂದ ರೋಗಿಗೆ ಆ ಹೊತ್ತಿಗೆ ಯಾವ ತೊಂದರೆಯೂ ತೋರುತ್ತಿರಲಿಲ್ಲ. ಪೋರ್ಚುಗಲ್ ದೇಶದ ಎಗಾಸ್ ಮೋನಿಜ್ ಎಂಬ ವೈದ್ಯರು ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ವಿಧಾನವನ್ನು 1927ರಲ್ಲಿ ಕಂಡುಹಿಡಿದಿದ್ದರು. ಅವರೂ 1931ರಿಂದ ಥೋರೊಟ್ರಾಸ್ಟನ್ನು ಬಳಸತೊಡಗಿದರು. ಮಿದುಳಿನಲ್ಲಿ ಗಡ್ಡೆ ಇರುವವರು, ಮೂರ್ಛೆ ಬರುವವರು, ಯುದ್ಧದಲ್ಲಿ ಗಾಯಗೊಂಡು ರಕ್ತನಾಳ ಕೆಟ್ಟ ಸೈನಿಕರು, ಹೀಗೆ ಯೂರೋಪು, ಅಮೆರಿಕ, ಜಪಾನುಗಳಲ್ಲಿ ಹತ್ತಾರು ಲಕ್ಷ ಜನಕ್ಕೆ ಅದನ್ನು ಚುಚ್ಚಲಾಯಿತು.

ಒಳಗೆ ಹೋದ ಥೋರಿಯಂ ಹೊರಗೆ ಬರಲಿಲ್ಲ. ರಕ್ತದಲ್ಲಿ ಸೇರಿದ ಪರಕೀಯ ಕಣಗಳನ್ನು ನುಂಗಿ ಇಟ್ಟುಕೊಳ್ಳುವ ಕಾವಲು ಕೋಶಗಳು ನಮ್ಮ ದೇಹದಲ್ಲಿವೆ. ಆ ಕೋಶಗಳು ಥೋರಿಯಂ ಕಣಗಳನ್ನು ಹಿಡಿದು ಯಕೃತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನೂ, ಉಳಿದುದನ್ನು ಗುಲ್ಮದಲ್ಲಿಯೂ ಮೂಳೆಯ ಮಜ್ಜೆಯಲ್ಲಿಯೂ ಕೂಡಿಟ್ಟುವು. ಕರಗದ, ವಿಸರ್ಜನೆಯಾಗದ ವಸ್ತು ಅದು. ವಿಕಿರಣ ಸೂಸಿ ತಾನಾಗಿ ಸವೆದುಹೋಗುವುದೋ ಎಂದರೆ, ಥೋರಿಯಂ ಅರ್ಧದಷ್ಟು ಸವೆಯುವುದಕ್ಕೆ ಸುಮಾರು 1,400 ಕೋಟಿ ವರ್ಷಗಳು ಬೇಕು. ಬೂದಿ ಮುಚ್ಚಿದ ಕೆಂಡವನ್ನು ಉಡಿಯಲ್ಲಿ ಕಟ್ಟಿಕೊಂಡಂತೆ ಆ ರೋಗಿಗಳು ಅದನ್ನು ಹೊತ್ತುಕೊಂಡು ಮನೆಗೆ ಹೋದರು.

ಇಲ್ಲಿ ಒಂದು ಸಂದೇಹ ಬರಬಹುದು. ಮನೆಮನೆಯಲ್ಲಿ ಗ್ಯಾಸ್‌ಲೈಟು ಹೊತ್ತಿಸಿದವರಿಗೆ ಇದೇ ಗತಿ ಏಕೆ ಬರಲಿಲ್ಲ? ಥೋರಿಯಂ ಮುಖ್ಯವಾಗಿ ಸೂಸುವುದು ಆಲ್ಫಾ ಕಣಗಳನ್ನು. ಅವು ಬಹಳ ಮೊಂಡ. ಬಲ ಬಹಳ, ನಡಿಗೆ ಕಡಿಮೆ. ಒಂದು ಹಾಳೆ ಕಾಗದ ಅವನ್ನು ತಡೆಯಬಲ್ಲುದು. ನಮ್ಮ ಚರ್ಮದ ಸತ್ತ ಮೇಲ್ಪದರವೂ ತಡೆಯಬಲ್ಲುದು. ಆದರೆ ಒಳಗೆ ಸೇರಿಕೊಂಡರೆ, ತಲೆಗೂದಲಿನ ದಪ್ಪದಷ್ಟು ದೂರದೊಳಗೇ ತನ್ನ ಬಲವನ್ನೆಲ್ಲ ಅಕ್ಕಪಕ್ಕದ ಕೋಶಗಳ ಮೇಲೆ ತೀರಿಸಿಕೊಳ್ಳುತ್ತದೆ. ಅದೂ ಒಂದು ದಿನವಲ್ಲ, ಹಗಲಿರುಳು, ಬದುಕಿರುವವರೆಗೆ. ವಸ್ತು ಒಂದೇ, ಅದು ಎಲ್ಲಿ ಕುಳಿತಿದೆ, ಎಷ್ಟು ಕಾಲ ಕುಳಿತಿದೆ ಎಂಬುದರ ಮೇಲೆ ಅಪಾಯ ನಿಲ್ಲುತ್ತದೆ.

ಈ ಅಪಾಯ ಯಾರಿಗೂ ತಿಳಿದಿರಲಿಲ್ಲವೇ ಎಂದರೆ, ತಿಳಿದಿತ್ತು. 1932ರಲ್ಲಿಯೇ ಅಮೆರಿಕದ ವೈದ್ಯಸಂಘದ ಔಷಧ ಪರಿಶೀಲನ ಮಂಡಲಿಯು ಈ ದ್ರವ್ಯದ ವಿಷಯದಲ್ಲಿ ಎಚ್ಚರಿಕೆಯ ಮಾತನ್ನು ಪ್ರಕಟಿಸಿತು. ಅದೇ ದಶಕದ ನಡುವಿನಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಿಗೆ ಇದನ್ನು ಚುಚ್ಚಿ, ಅವುಗಳಲ್ಲಿ ಸಾರ್ಕೋಮಾ ಹುಟ್ಟಿದುದನ್ನು ತೋರಿಸಿದರು. ಆದರೂ ಬಳಕೆ ನಿಲ್ಲಲಿಲ್ಲ. ಅಂದಿನ ವೈದ್ಯರನ್ನು ಕ್ರೂರಿಗಳೆಂದು ದೂರುವುದು ನ್ಯಾಯವಲ್ಲ. ಅವರ ಮುಂದೆ ಇದ್ದವನು ಮಿದುಳಿನ ಗಡ್ಡೆಯಿಂದ ಇಂದೋ ನಾಳೆಯೋ ಎನ್ನುತ್ತಿದ್ದ ರೋಗಿ. ಅವನಿಗೆ ಇಪ್ಪತ್ತು ವರ್ಷಗಳ ಮೇಲೆ ಬರಬಹುದಾದ ಕೇಡಿನ ಮಾತು ಯಾರ ಕಿವಿಗೆ ಹತ್ತೀತು? ಚುಚ್ಚಿಸಿಕೊಂಡವರೆಲ್ಲ ಎದ್ದು ನಡೆದುಹೋಗುತ್ತಿದ್ದರು. ತೊಂದರೆಯ ದೂರು ಒಂದೂ ಬರುತ್ತಿರಲಿಲ್ಲ. ದೂರು ಬರಲಿಲ್ಲವೆಂಬುದನ್ನೇ ಕೇಡಿಲ್ಲವೆಂಬುದಕ್ಕೆ ಸಾಕ್ಷಿಯೆಂದು ತಿಳಿದರು. ಎಡವಿದ್ದು ಅಲ್ಲಿ.

1947ರಲ್ಲಿ ಅಮೆರಿಕದ ವೈದ್ಯರು, ಹಿಂದೆ ಥೋರೊಟ್ರಾಸ್ಟ್ ಪಡೆದಿದ್ದ ರೋಗಿಯ ಯಕೃತ್ತಿನಲ್ಲಿ ರಕ್ತನಾಳದ ಸಾರ್ಕೋಮಾ ಕಂಡುಬಂದುದನ್ನು ವರದಿ ಮಾಡಿದರು. ಆಂಜಿಯೋಸಾರ್ಕೋಮಾ ಎಂದು ಅದರ ಹೆಸರು. ಒಂದಾದ ಮೇಲೊಂದು ಇಂಥ ವರದಿಗಳು ಬರತೊಡಗಿದುವು. 1950ರ ದಶಕದಲ್ಲಿ ಆ ಔಷಧದ ಬಳಕೆ ನಿಂತಿತು. ಆದರೆ ಒಳಗೆ ಕುಳಿತಿದ್ದುದು ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಇಪ್ಪತ್ತರ ಹರೆಯದಲ್ಲಿ ಯುದ್ಧದ ಆಸ್ಪತ್ರೆಯಲ್ಲಿ ಅದನ್ನು ಚುಚ್ಚಿಸಿಕೊಂಡು ಬದುಕಿ ಬಂದ ಸೈನಿಕರಿಗೆ ನಲವತ್ತು ಐವತ್ತು ದಾಟಿದ ಮೇಲೆ ಯಕೃತ್ತಿನ ಕ್ಯಾನ್ಸರು ಕಾಣಿಸಿಕೊಂಡಿತು.

ಡೆನ್ಮಾರ್ಕ್, ಜರ್ಮನಿ, ಪೋರ್ಚುಗಲ್, ಜಪಾನ್, ಸ್ವೀಡನ್ ದೇಶಗಳಲ್ಲಿ ಹಳೆಯ ಆಸ್ಪತ್ರೆಗಳ ಕಡತಗಳನ್ನು ತೆಗೆದು, ಚುಚ್ಚಿಸಿಕೊಂಡವರು ಯಾರು ಯಾರೆಂದು ಪಟ್ಟಿಮಾಡಿ, ಅವರನ್ನು ಹುಡುಕಿ ದಶಕಗಟ್ಟಲೆ ವಿಚಾರಿಸಿದರು. ಜರ್ಮನಿಯಲ್ಲಿ ಹೀಗೆ ಗುರುತಿಸಿದವರು 2,300ಕ್ಕೂ ಮಿಕ್ಕಿದ್ದರು. ಹೋಲಿಸಿ ನೋಡುವುದಕ್ಕಾಗಿ, ಥೋರೊಟ್ರಾಸ್ಟ್ ಪಡೆಯದ ಸುಮಾರು 1,900 ರೋಗಿಗಳನ್ನೂ ಆರಿಸಿಕೊಂಡರು. ಕೊನೆಯಲ್ಲಿ ಲೆಕ್ಕ ನೋಡಿದಾಗ, ಪಡೆದವರಲ್ಲಿ 400ಕ್ಕೂ ಹೆಚ್ಚು ಜನಕ್ಕೆ ಯಕೃತ್ತಿನ ಕ್ಯಾನ್ಸರು ಬಂದಿದ್ದಿತು. ಪಡೆಯದವರಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಇವೆಲ್ಲವೂ ಸಾರ್ಕೋಮಾ ಅಲ್ಲ. ಪಿತ್ತನಾಳದ ಕ್ಯಾನ್ಸರೂ ಯಕೃತ್ತಿನ ಇತರ ಕ್ಯಾನ್ಸರೂ ಇದ್ದುವು. ಆದರೆ ಕಳ್ಳನನ್ನು ಮೊದಲು ಹಿಡಿದುಕೊಟ್ಟುದು ಸಾರ್ಕೋಮಾವೇ. ಯಕೃತ್ತಿನ ಆಂಜಿಯೋಸಾರ್ಕೋಮಾ ಸಾಮಾನ್ಯವಾಗಿ ಎಷ್ಟು ವಿರಳವೆಂದರೆ, ಒಬ್ಬ ವೈದ್ಯ ತನ್ನ ಆಯುಷ್ಯದಲ್ಲಿ ಒಂದನ್ನೂ ನೋಡದೆ ಹೋಗಬಹುದು. ಅಂಥ ರೋಗ ಮತ್ತೆ ಮತ್ತೆ ಕಂಡುದರಿಂದಲೇ ವೈದ್ಯರು ಹುಬ್ಬೇರಿಸಿ, ಹಿಂದಿನದನ್ನು ಕೆದಕಿ ನೋಡಿದರು. ಅಪರೂಪದ ರೋಗಗಳನ್ನು ಅಲಕ್ಷ್ಯ ಮಾಡಬಾರದೆಂಬುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಥೋರೊಟ್ರಾಸ್ಟ್ ಪಡೆದವನು ಮೂವತ್ತು ವರ್ಷಗಳ ಮೇಲೆ ಬೇರಾವುದೋ ಕಾರಣಕ್ಕೆ ಹೊಟ್ಟೆಯ ಕ್ಷಕಿರಣ ಚಿತ್ರ ತೆಗೆಸಿದರೂ ಅವನ ಗುಲ್ಮವೂ ಯಕೃತ್ತೂ ಬೆಳ್ಳಗೆ ಎದ್ದು ಕಾಣುತ್ತಿದ್ದುವು. ರೋಗಿ ಮರೆತಿದ್ದರೂ ಕಡತ ಕಳೆದುಹೋಗಿದ್ದರೂ ಅವನ ದೇಹವೇ ದಾಖಲೆಯನ್ನು ಇಟ್ಟುಕೊಂಡಿತ್ತು. ಹೊರಗಿನಿಂದ ಹಾಯ್ದುಹೋಗುವ ಕಿರಣಗಳು ಇಂಥ ಗುರುತನ್ನು ಬಿಟ್ಟುಹೋಗುವುದಿಲ್ಲ. ಅವುಗಳಿಂದಲೂ ಮಾಂಸಾರ್ಬುದ ಹುಟ್ಟಬಹುದೆಂಬುದು ನಿಜ. 1945ರಲ್ಲಿ ಹಿರೋಷಿಮಾ, ನಾಗಾಸಾಕಿಗಳ ಮೇಲೆ ಬಿದ್ದ ಅಣುಬಾಂಬುಗಳಿಂದ ಬದುಕುಳಿದವರನ್ನು ದೀರ್ಘಕಾಲ ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೈಗೆ ತಗಲಿದ ವಿಕಿರಣ ಹೆಚ್ಚಿದಂತೆಲ್ಲ ಮೃದು ಅಂಗಾಂಶದ ಸಾರ್ಕೋಮಾ ಬರುವ ಸಂಭವವೂ ಹೆಚ್ಚಿದುದು ಕಂಡುಬಂದಿದೆ.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ಕ್ಯಾನ್ಸರನ್ನು ಕೊಲ್ಲುವುದಕ್ಕೆ ವಿಕಿರಣವನ್ನೇ ಬಳಸುತ್ತಾರೆ. ಓಲೆಯನ್ನು ಹರಿಯುವ ಅದರ ಗುಣವೇ ಇಲ್ಲಿ ಮದ್ದಾಗುತ್ತದೆ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೇ ಮೊದಲಾಗಿ ನಮ್ಮ ನಾಡಿನ ಹಲವು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಇದರಿಂದ ಬದುಕಿದವರ ಸಂಖ್ಯೆ ಬಹು ದೊಡ್ಡದು. ಆದರೆ ಚಿಕಿತ್ಸೆ ಪಡೆದ ಜಾಗದಲ್ಲಿ, ಎಷ್ಟೋ ವರ್ಷಗಳ ಮೇಲೆ, ಲಕ್ಷಿಸಬೇಕಾದಷ್ಟು ಅಪರೂಪಕ್ಕೆ, ಸಾರ್ಕೋಮಾ ಹುಟ್ಟುವುದುಂಟು. 1948ರಲ್ಲಿ ಅಮೆರಿಕದ ಕೇಹನ್ ಮತ್ತು ಅವರ ಜೊತೆಗಾರರು ಇಂಥ ಹನ್ನೊಂದು ಪ್ರಸಂಗಗಳನ್ನು ವಿವರಿಸಿ, ಗಡ್ಡೆಯೊಂದು ವಿಕಿರಣದಿಂದ ಹುಟ್ಟಿತೆನ್ನಲು ಇರಬೇಕಾದ ಲಕ್ಷಣಗಳನ್ನು ಗೊತ್ತುಮಾಡಿದರು. ರೋಗಿ ಹಿಂದೆ ವಿಕಿರಣ ಪಡೆದಿರಬೇಕು; ಗಡ್ಡೆ ಅದೇ ಜಾಗದಲ್ಲಿ ಹುಟ್ಟಿರಬೇಕು; ನಡುವೆ ಕೆಲವು ವರ್ಷಗಳು, ಸಾಮಾನ್ಯವಾಗಿ ಐದು ಅಥವಾ ಅದಕ್ಕಿಂತ ಹೆಚ್ಚು, ಕಳೆದಿರಬೇಕು; ತುಣುಕು ತೆಗೆದು ಪರೀಕ್ಷಿಸಿದಾಗ ಅದು ಹಳೆಯ ಕ್ಯಾನ್ಸರಲ್ಲ, ಬೇರೆ ಜಾತಿಯದು ಎಂದು ಸಿದ್ಧವಾಗಬೇಕು. ಸ್ವಲ್ಪ ಹೆಚ್ಚು ಕಡಮೆಗಳೊಂದಿಗೆ ಇಂದಿಗೂ ಇದೇ ಒರೆಗಲ್ಲು.

ಇದನ್ನು ಕೇಳಿ ಯಾರೂ ಹೆದರಬಾರದು. ಹೆದರಿ ಚಿಕಿತ್ಸೆಯನ್ನು ಬಿಟ್ಟರೆ ಈ ಭಾಷಣದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗುತ್ತದೆ. ಆದುದರಿಂದ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡೋಣ. ಸ್ತನದ ಕ್ಯಾನ್ಸರಿಗೆ ಗಡ್ಡೆಯನ್ನು ಮಾತ್ರ ತೆಗೆದು ಸ್ತನವನ್ನು ಉಳಿಸುವ ಶಸ್ತ್ರಚಿಕಿತ್ಸೆಯ ಅನಂತರ ವಿಕಿರಣ ಕೊಡುವುದು ವಾಡಿಕೆ. ಇಂಥ ಹತ್ತು ಸಾವಿರಕ್ಕೂ ಹೆಚ್ಚು ಸ್ತ್ರೀಯರ ವಿವರಗಳನ್ನು ಆಕ್ಸ್‌ಫರ್ಡಿನಲ್ಲಿ ಒಟ್ಟುಗೂಡಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹದಿನೈದು ವರ್ಷಗಳಲ್ಲಿ, ವಿಕಿರಣ ಪಡೆಯದವರಲ್ಲಿ ನೂರಕ್ಕೆ ಸುಮಾರು 25 ಜನ ಆ ಕ್ಯಾನ್ಸರಿನಿಂದ ತೀರಿಕೊಂಡಿದ್ದರೆ, ಪಡೆದವರಲ್ಲಿ ಸುಮಾರು 21 ಜನ. ಸಾವಿರ ಸ್ತ್ರೀಯರ ಲೆಕ್ಕದಲ್ಲಿ ಹೆಚ್ಚು ಕಡಮೆ ನಲವತ್ತು ಜೀವಗಳು ಉಳಿದಂತಾಯಿತು. ವಿಕಿರಣದಿಂದ ಆ ಜಾಗದಲ್ಲಿ ಆಂಜಿಯೋಸಾರ್ಕೋಮಾ ಬರುವುದು ಅದೇ ಸಾವಿರದಲ್ಲಿ ಒಬ್ಬರ ಆಸುಪಾಸು. ಒಂದು ತಟ್ಟೆಯಲ್ಲಿ ನಲವತ್ತು, ಇನ್ನೊಂದರಲ್ಲಿ ಒಂದು. ಯಾವುದು ತೂಗುವುದೆಂದು ಹೇಳಬೇಕಾಗಿಲ್ಲ. ಆದರೆ ಆ ಒಬ್ಬಳೂ ಯಾರದೋ ಮನೆಯ ತಾಯಿ ಅಥವಾ ಅಕ್ಕ ಎಂಬುದನ್ನು ಮರೆಯಬಾರದು. ಅಪಾಯ ಹೆಚ್ಚಾಗಿರುವ ಕಡೆ ವೈದ್ಯರೇ ಹಿಂಜರಿಯುತ್ತಾರೆ. ಮಕ್ಕಳ ಕಣ್ಣಿನ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರು ಆನುವಂಶಿಕವಾಗಿದ್ದರೆ, ವಿಕಿರಣ ಪಡೆದ ಆ ಮಕ್ಕಳಲ್ಲಿ ಮುಂದೆ ಸಾರ್ಕೋಮಾ ಬರುವ ಸಂಭವ ಹೆಚ್ಚೆಂದು ತಿಳಿದ ಮೇಲೆ, ಬೇರೆ ದಾರಿ ಇದ್ದಲ್ಲಿ ಅದನ್ನೇ ಹಿಡಿಯುತ್ತಾರೆ.

ಹಾಗೆಯೇ, ಎದೆಯ ಒಂದು ಕ್ಷಕಿರಣ ಚಿತ್ರಕ್ಕೆ ಅಂಜಬೇಕಾದುದಿಲ್ಲ. ನೆಲದಿಂದಲೂ ಆಕಾಶದಿಂದಲೂ ಸಹಜವಾಗಿ ಕೆಲವು ದಿನಗಳಲ್ಲಿ ನಮ್ಮ ಮೈಗೆ ತಗಲುವಷ್ಟೇ ವಿಕಿರಣ ಅದರಲ್ಲಿದೆ. ಮೋನಜೈಟ್ ಮರಳಿನಿಂದಾಗಿ ಸಹಜ ವಿಕಿರಣ ಹೆಚ್ಚಾಗಿರುವ ಕೇರಳದ ಕರುನಾಗಪ್ಪಳ್ಳಿಯ ಕರಾವಳಿಯಲ್ಲಿ ಸುಮಾರು 70,000 ಜನರನ್ನು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಆ ಕಾರಣದಿಂದ ಕ್ಯಾನ್ಸರು ಹೆಚ್ಚಿದುದು ಕಂಡುಬರಲಿಲ್ಲ. ನಾನು ಹೇಳುತ್ತಿರುವ ಸಾರ್ಕೋಮಾ ಸಾಮಾನ್ಯವಾಗಿ ಚಿಕಿತ್ಸೆಯಲ್ಲಿ ಕೊಡುವ ಭಾರಿ ಪ್ರಮಾಣದ ವಿಕಿರಣವನ್ನು ಹಿಂಬಾಲಿಸಿ ಬರುವಂಥದು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಎರಡೇ ಕೆಲಸ.

ಮೊದಲನೆಯದು, ಕಾಗದಗಳನ್ನು ಇಟ್ಟುಕೊಳ್ಳುವುದು. ನಮ್ಮ ಮನೆಗಳಲ್ಲಿ ಮಕ್ಕಳ ಜಾತಕಗಳನ್ನೂ ಜಮೀನಿನ ಕ್ರಯಪತ್ರ ಪಹಣಿಗಳನ್ನೂ ಟ್ರಂಕಿನಲ್ಲಿ ಭದ್ರವಾಗಿಡುತ್ತೇವೆ. ಆಸ್ಪತ್ರೆಯ ಕಾಗದಗಳನ್ನೋ, ಕಾಯಿಲೆ ಗುಣವಾಯಿತೆಂದರೆ, ಅಶುಭವೆಂದು ಹೊರಗೆ ಹಾಕುವವರೇ ಹೆಚ್ಚು. ಆಸ್ಪತ್ರೆಯಲ್ಲಿ ಇದ್ದೇ ಇರುತ್ತದಲ್ಲ ಎನ್ನುವಂತಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮಗಳಲ್ಲಿ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ತೊಡಗಿದಂದಿನಿಂದ ಮೂರು ವರ್ಷ ಇಡಬೇಕೆಂದು ಹೇಳಿದೆ. ರೋಗವೋ ಐದು, ಹತ್ತು, ಇಪ್ಪತ್ತು ವರ್ಷಗಳ ಮೇಲೆ ಬರುವಂಥದು. ಈ ಅಂತರವನ್ನು ತುಂಬಬೇಕಾದವರು ನಾವು. ಅದೇ ನಿಯಮಗಳಲ್ಲಿ, ರೋಗಿಯೋ ಅವನ ಅಧಿಕೃತ ಪ್ರತಿನಿಧಿಯೋ ಕೇಳಿದರೆ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕೆಂದೂ ಇದೆ. ಆದುದರಿಂದ ಚಿಕಿತ್ಸೆ ಮುಗಿದು ಮನೆಗೆ ಹೊರಡುವಾಗಲೇ ಸಂಕೋಚವಿಲ್ಲದೆ ಕೇಳಿ. ದೇಹದ ಯಾವ ಭಾಗಕ್ಕೆ ವಿಕಿರಣ ಕೊಟ್ಟರು, ಎಷ್ಟು ಗ್ರೇ ಕೊಟ್ಟರು, ಎಷ್ಟು ಸಲ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂಬುದನ್ನು ಬರೆಯಿಸಿಕೊಳ್ಳಿ. ಗ್ರೇ ಎಂಬುದು ವಿಕಿರಣವನ್ನು ಅಳೆಯುವ ಮಾನ. ಆ ಹಾಳೆಯನ್ನು ಜಾತಕದ ಪಕ್ಕದಲ್ಲಿಡಿ. ಮುಂದೆ ಯಾವ ವೈದ್ಯರಲ್ಲಿಗೆ, ಎಷ್ಟು ವರ್ಷಗಳ ಮೇಲೆ, ಯಾವ ಕಾಯಿಲೆಗೆ ಹೋದರೂ ಅದನ್ನು ತೋರಿಸಿ. ಮಗುವಾಗಿದ್ದಾಗ ಚಿಕಿತ್ಸೆ ಪಡೆದವರಿಗೆ ತಮಗೇನಾಗಿತ್ತೆಂಬುದೇ ತಿಳಿದಿರುವುದಿಲ್ಲ. ವಯಸ್ಸಿಗೆ ಬಂದ ಮೇಲೆ ತಂದೆತಾಯಿಗಳು ಅವರಿಗೆ ತಿಳಿಸಿ ಆ ಕಾಗದವನ್ನು ಅವರ ಕೈಗೆ ಕೊಡಬೇಕು. ಹೆಣ್ಣುಮಗುವಾದರೆ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವುದುಂಟು. ಊರವರಿಗೆ ಹೇಳದಿದ್ದರೆ ಚಿಂತೆಯಿಲ್ಲ. ಆ ಮಗಳಿಗೇ ಹೇಳದಿರುವುದು ಅವಳಿಗೆ ಮಾಡುವ ಅನ್ಯಾಯ.

ಎರಡನೆಯದು, ಚಿಕಿತ್ಸೆ ಪಡೆದ ಜಾಗದ ಮೇಲೆ ಕಣ್ಣಿಟ್ಟಿರುವುದು. ಸ್ತನಕ್ಕೆ ವಿಕಿರಣ ಪಡೆದವರಲ್ಲಿ ಈ ರೋಗ ಬಹಳ ಸಲ ಪೆಟ್ಟು ಬಿದ್ದು ರಕ್ತ ಕಟ್ಟಿದಂತೆ ಕಾಣುವ ನೀಲಿ ಅಥವಾ ಕೆಂಪು ಕಲೆಯಾಗಿ ತೋರುತ್ತದೆ. ನೋವಿರುವುದಿಲ್ಲ. ಎಲ್ಲಿಯೋ ತಗಲಿರಬೇಕೆಂದು ಸುಮ್ಮನಾಗುತ್ತಾರೆ. ಪೆಟ್ಟಿನ ಕಲೆಯಾದರೆ ಎರಡು ಮೂರು ವಾರಗಳಲ್ಲಿ ಬಣ್ಣ ತಿರುಗಿ ಮಾಯವಾಗಬೇಕು. ಮಾಯವಾಗದೆ ಹರಡಿದರೆ, ಇಲ್ಲವೆ ಹೊಸ ಗಂಟು ಕಂಡರೆ, ಕೂಡಲೆ ವೈದ್ಯರಲ್ಲಿಗೆ ಹೋಗಬೇಕು. ಬೇರೆ ಭಾಗಗಳಲ್ಲಿ, ಆಳದಲ್ಲಿ ಕುಳಿತ, ದಿನೇ ದಿನೇ ಬೆಳೆಯುವ, ನಿಂಬೆಯ ಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಆದ ಗಂಟನ್ನು, ನೋವಿಲ್ಲದಿದ್ದರೂ, ತೋರಿಸಲೇ ಬೇಕು. ಎಣ್ಣೆ ಹಚ್ಚಿ ನೀವುವುದು, ಶಾಖ ಕೊಡುವುದು, ಅರಿಶಿನದ ಪಟ್ಟು ಹಾಕಿ ತಿಂಗಳುಗಟ್ಟಲೆ ಕಾಯುವುದು ಬೇಡ. ಹತ್ತಿರದಲ್ಲೆಲ್ಲೋ ಅವಸರದಿಂದ ಗಡ್ಡೆಯನ್ನು ಕುಯ್ಯಿಸಿಬಿಡುವುದೂ ಬೇಡ. ಮೊದಲು ಸ್ವಲ್ಪವೇ ತುಣುಕು ತೆಗೆದು ಪರೀಕ್ಷಿಸಿ, ಜಾತಿ ಯಾವುದೆಂದು ಗೊತ್ತಾದ ಮೇಲೆ, ಇದರಲ್ಲಿ ಪಳಗಿದ ಶಸ್ತ್ರವೈದ್ಯರಿಂದ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿ ತೆಗೆಸುವುದು ಸರಿಯಾದ ಕ್ರಮ. ಚಿಕ್ಕದಾಗಿರುವಾಗ ಸಿಕ್ಕಿದ ಸಾರ್ಕೋಮಾಕ್ಕೂ ದೊಡ್ಡದಾದ ಮೇಲೆ ಸಿಕ್ಕಿದುದಕ್ಕೂ ಗುಣವಾಗುವ ಆಸೆಯಲ್ಲಿ ಬಹಳ ಅಂತರವುಂಟು.

ವೈದ್ಯರು ಗಂಟನ್ನು ಮುಟ್ಟಿ ನೋಡುವಾಗ ಕೇಳದೆಯೇ ಒಂದು ಮಾತನ್ನು ಹೇಳಬೇಕು: “ಈ ಜಾಗಕ್ಕೆ ಇಂಥ ವರ್ಷ ವಿಕಿರಣ ಕೊಟ್ಟಿದ್ದರು.” ಆ ಒಂದು ವಾಕ್ಯದಿಂದ ವೈದ್ಯರ ಯೋಚನೆಯ ದಾರಿಯೇ ಬದಲಾಗುತ್ತದೆ. ಥೋರೊಟ್ರಾಸ್ಟಿನ ಸತ್ಯ ಹೊರಬಿದ್ದುದು, ಯಾವುದೋ ಆಸ್ಪತ್ರೆಯಲ್ಲಿ ಯಾರೋ ಗುಮಾಸ್ತೆ ರೋಗಿಯ ಹೆಸರು, ತಾರೀಖು, ಚುಚ್ಚಿದ ಪ್ರಮಾಣ ಇಷ್ಟನ್ನು ಸರಿಯಾಗಿ ಬರೆದಿಟ್ಟಿದ್ದುದರಿಂದ. ಬರೆಯುವಾಗ ಅದರಿಂದ ಇಷ್ಟು ಪ್ರಯೋಜನವಾದೀತೆಂದು ಆತ ಎಣಿಸಿರಲಾರ. ತಮ್ಮ ಮನೆಯಲ್ಲಿ ಯಾರಾದರೂ ವಿಕಿರಣ ಚಿಕಿತ್ಸೆ ಪಡೆದಿದ್ದರೆ, ಆ ಕಾಗದ ಎಲ್ಲಿದೆಯೆಂದು ಈ ರಾತ್ರಿ ಮಲಗುವ ಮೊದಲು ಒಮ್ಮೆ ಹುಡುಕಿ ನೋಡಿ. ಸಿಗದಿದ್ದರೆ, ನೆನಪಿರುವಷ್ಟನ್ನಾದರೂ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ ಇಡಿ.